ಸೋಸಿದ ಅಳು

ಎಂಟನೇ ತರಗತಿ ಬಿ ವಿಭಾಗದ ಮಕ್ಕಳಿಗೆ ಆ ದಿನ ಊಟದ ಬಿಡುವಿಗೆ ಮೊದಲು ಅಳುವ ಪಾಠವಿತ್ತು. ವೇಳಾಪಟ್ಟಿಯಲ್ಲಿ ಅದನ್ನು 'ಸಹಾನುಭೂತಿ' ಎಂದು ಬರೆದಿದ್ದರು. ಮಕ್ಕಳ ಬಾಯಲ್ಲಿ ಮಾತ್ರ ಅದು ಅಳೂ ಪಿರಿಯಡ್.

ವಿಶಾಲಾಕ್ಷಿ ಮುಳಗುಂದ ಹುಬ್ಬಳ್ಳಿಯ ಆ ಶಾಲೆಗೆ ಆಪ್ತ ಸಮಾಲೋಚಕಿಯಾಗಿ ಸೇರಿದ್ದು ಮಕ್ಕಳ ಜೊತೆ ಕೂತು ಮಾತಾಡುವುದಕ್ಕೆ. ಈಗ ಅವಳ ಕೆಲಸವೆಂದರೆ ಬೆಂಚಿನಿಂದ ಬೆಂಚಿಗೆ ಹೋಗಿ ಪ್ರತಿ ಮಗುವಿನ ಕೊರಳಿಗೂ ಪಟ್ಟಿ ಸರಿಯಾಗಿ ಕೂತಿದೆಯೇ ಎಂದು ನೋಡುವುದು, ಆಮೇಲೆ ಗುಂಡಿ ಒತ್ತುವುದು.

ಪಟ್ಟಿಯ ಹೆಸರು 'ಮಿಡಿತ'. ಅದನ್ನು ಮಾಡಿದ ಕಂಪನಿಯವರು ಶಿಕ್ಷಕರಿಗೆ ತರಬೇತಿ ಕೊಡುವಾಗ ಸರಳವಾಗಿಯೇ ಹೇಳಿದ್ದರು. ದುಃಖವೆಂದರೆ ಮನಸ್ಸಿಗಿಂತ ಮೊದಲು ದೇಹಕ್ಕೆ ಮುಟ್ಟುವ ಸುದ್ದಿ. ಗಂಟಲು ಬಿಗಿಯುತ್ತದೆ, ಉಸಿರು ತುಂಡಾಗುತ್ತದೆ, ಹೊಟ್ಟೆಯೊಳಗೆ ಏನೋ ಕುಸಿದಂತಾಗುತ್ತದೆ. ಮಿದುಳಿನ ಬುಡದಿಂದ ಕುತ್ತಿಗೆಯ ಮೂಲಕ ಎದೆಗೂ ಜಠರಕ್ಕೂ ಇಳಿಯುವ ಒಂದು ನರ ಈ ಸುದ್ದಿಯನ್ನು ಹೊತ್ತು ಓಡಾಡುತ್ತದೆ. ಆ ನರದಲ್ಲಿ ಓಡುವ ಮಿಡಿತಗಳನ್ನು ಒಂದು ದೇಹದಿಂದ ಬರೆದುಕೊಂಡು ಇನ್ನೊಂದು ದೇಹದಲ್ಲಿ ನುಡಿಸಿದರೆ? ಆಗ ಇನ್ನೊಬ್ಬರ ನೋವು ತಿಳಿಯಲು ಕಥೆ ಬೇಡ, ಉಪದೇಶ ಬೇಡ, ನೋವೇ ಬಂದು ಮೈಯಲ್ಲಿ ಕೂರುತ್ತದೆ. ಇದನ್ನು ಮೊದಲ ಸಲ ಕೇಳಿದಾಗ ವಿಶಾಲಾಕ್ಷಿಗೆ ರೋಮಾಂಚನವಾಗಿತ್ತು. ಜಗಳ, ಹೀಯಾಳಿಕೆ, ಜಾತಿ ಹಿಡಿದು ಅಣಕಿಸುವುದು ಎಲ್ಲಕ್ಕೂ ಇದು ಮದ್ದಾದೀತು ಎಂದು ಅವಳು ನಿಜವಾಗಿಯೂ ನಂಬಿದ್ದಳು.

ಗುಂಡಿ ಒತ್ತಿದಳು. ಗೋಡೆಯ ಮೇಲಿನ ತೆರೆಯಲ್ಲಿ ಒಂದು ಕೆರೆಯಂಥ ಹೊಂಡದ ಚಿತ್ರ ಬಂತು. ಇಂಪಾದ ಹೆಣ್ಣುದನಿಯೊಂದು, "ನನಗೊಬ್ಬ ತಮ್ಮ ಇದ್ದ" ಎಂದು ಶುರುಮಾಡಿತು.

ಈ ಪಾಠದ ಹೆಸರೇ 'ತಮ್ಮ'. ಮಕ್ಕಳಿಗೆ ಅಚ್ಚುಮೆಚ್ಚಿನದು. ಕಲ್ಲಿನ ಕ್ವಾರಿಯ ಹೊಂಡಕ್ಕೆ ಬಿದ್ದು ಸತ್ತ ಪುಟ್ಟ ಹುಡುಗ, ಅವನಿಗಾಗಿ ಅತ್ತ ಅಕ್ಕ. ಕಥೆ ದಂಡೆಯ ಮೇಲೆ ಉಳಿದಿದ್ದ ಅವನ ಚಪ್ಪಲಿಯವರೆಗೆ ಬಂದದ್ದೇ ತಡ, ಇಡೀ ತರಗತಿ ಒಟ್ಟಿಗೆ ಉಸಿರೆಳೆದುಕೊಂಡಿತು. ಆಮೇಲೆ ಅಳು. ಬೋರಾಡಿ ಅಳುವುದಲ್ಲ, ಎಲ್ಲರೂ ಒಂದೇ ಲಯದಲ್ಲಿ, ಒಂದೇ ಎತ್ತರದಲ್ಲಿ, ತಲೆ ಒಂದೇ ಕಡೆಗೆ ವಾಲಿಸಿ ಬಿಕ್ಕುತ್ತಿದ್ದರು. ಕೆನ್ನೆಯ ಮೇಲೆ ನೀರು ನೀಟಾಗಿ ಇಳಿಯುತ್ತಿತ್ತು. ತೆರೆಯ ಬದಿಯಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆಯೂ ಹಸಿರು ಗೆರೆ ಮೇಲೇರುತ್ತಿತ್ತು. ಎಷ್ಟು ಮಿಡಿದರೆ ಅಷ್ಟು ಅಂಕ. ಅಳುತ್ತಲೇ ಮಕ್ಕಳು ಓರೆಗಣ್ಣಿನಲ್ಲಿ ತಂತಮ್ಮ ಗೆರೆ ನೋಡಿಕೊಳ್ಳುವುದನ್ನು ವಿಶಾಲಾಕ್ಷಿ ಕಂಡಳು.

ಗಂಟೆ ಹೊಡೆಯಿತು. ಪಟ್ಟಿಗಳು ಆರಿದವು. ಟಿಫಿನ್ ಡಬ್ಬಿಗಳು ಹೊರಬಂದವು.

"ಏ, ನಂದು ಈ ಸಲ ನಿನಗಿಂತ ಹೆಚ್ಚೈತಿ ನೋಡಲೇ!"

ಮೆಟ್ಟಿಲ ಹತ್ತಿರ ಧಡ್ ಎಂದು ಸದ್ದಾಯಿತು. ಆಯಾ ಕಲ್ಲವ್ವ ನೆಲ ಒರೆಸುವ ಬಕೆಟ್ಟಿನ ಸಮೇತ ಜಾರಿ ಬಿದ್ದಿದ್ದಳು. ಮೊಣಕೈ ಕಲ್ಲಿಗೆ ಬಡಿದು ಎದ್ದೇಳಲಾಗದೆ ಒದ್ದಾಡುತ್ತಿದ್ದಳು. ಕಣ್ಣು ಇನ್ನೂ ಒದ್ದೆಯಾಗಿದ್ದ ಮಕ್ಕಳು ಅವಳನ್ನು ಬಳಸಿಕೊಂಡು ಇಳಿದು ಹೋದರು. ಒಬ್ಬ ಹುಡುಗಿ ಕೊಳೆ ನೀರು ತಾಗದಂತೆ ಸ್ಕರ್ಟನ್ನು ಎತ್ತಿ ಹಿಡಿದು ದಾಟಿದಳು.

ವಿಶಾಲಾಕ್ಷಿ ಓಡಿ ಬಂದು ಕೈಹಿಡಿದು ಎಬ್ಬಿಸಿದಳು.

"ಇರ್ಲಿ ಬಿಡ್ರಿ ಬಾಯಾರ" ಎಂದಳು ಕಲ್ಲವ್ವ ನರಳುತ್ತ. "ಪಾಪ, ಹುಡುಗೂರು ಅತ್ತು ಅತ್ತು ಸುಸ್ತಾಗ್ಯಾವು."

ಆ ದಿನ ವಿಶಾಲಾಕ್ಷಿ ಊಟದ ಡಬ್ಬಿ ಬಿಚ್ಚಲಿಲ್ಲ.

ಅವಳ ಮಗಳು ಮೇದಿನಿಯೂ ಅದೇ ತರಗತಿಯವಳು. ಗಂಡನಿಗೆ ಬೆಳಗಾವಿಯಲ್ಲಿ ಕೆಲಸ. ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಆ ವಾರದಲ್ಲೇ ಒಂದು ಸಂಜೆ ಗದಗಿನಿಂದ ಫೋನ್ ಬಂತು. ವಿಶಾಲಾಕ್ಷಿಯನ್ನು ಸಾಕಿ ಬೆಳೆಸಿದ ದೊಡ್ಡವ್ವ ತೀರಿಕೊಂಡಿದ್ದಳು. ಒಲೆಯ ಮೇಲೆ ಜುಣಕ ಕುದಿಯುತ್ತಿತ್ತು. ವಿಶಾಲಾಕ್ಷಿ ಅಡುಗೆಮನೆಯ ನೆಲದ ಮೇಲೆಯೇ ಕುಸಿದು ಕೂತು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಜುಣಕ ತಳ ಹಿಡಿದು ಸೀದ ವಾಸನೆ ಮನೆ ತುಂಬಿತು.

ಮೇದಿನಿ ಬಂದು ಬಾಗಿಲಲ್ಲಿ ನಿಂತಳು. ಒಲೆ ಆರಿಸಿದಳು. ಆಮೇಲೆ ತಾಯಿಯ ಮುಖವನ್ನು ಬಗ್ಗಿ ನೋಡಿದಳು.

"ಅಮ್ಮಾ, ನೀ ಹಿಂಗ್ಯಾಕ ಅಳಾಕತ್ತಿ?"

"ದೊಡ್ಡವ್ವ ಹೋದ್ಲು ಮೇದಿನಿ."

"ಅದು ತಿಳೀತು. ಆದ್ರ..." ಹುಡುಗಿ ಮೂಗು ಸೊಟ್ಟ ಮಾಡಿದಳು. "ಸಿಂಬಳ ಎಲ್ಲಾ ಬರಾಕತ್ತೈತಿ. ದನಿ ಒಂದ್ ನಮೂನಿ ಆಗೈತಿ. ಪಾಠದಾಗ ಹಿಂಗ ಆಗಂಗಿಲ್ಲ. ಅತ್ತ ಮ್ಯಾಲೆ ಹಗೂರ ಅನಸ್ತೈತಿ, ಐಸ್‌ಕ್ರೀಮ್ ತಿಂದಂಗ. ನಿನ್ನ ನೋಡಿದ್ರ ನನಗ ಹೇಸಿಗಿ ಬರತೈತಿ."

ಕೆಟ್ಟತನದಿಂದ ಆಡಿದ ಮಾತಲ್ಲ ಅದು. ಅವಳಿಗೆ ಕಂಡದ್ದನ್ನು ಹೇಳಿದ್ದಳು. ಹೇಳಿ, ಒಳಗೆ ಹೋಗಿ ಗಣಿತದ ಲೆಕ್ಕ ಮಾಡತೊಡಗಿದಳು. ವಿಶಾಲಾಕ್ಷಿಯ ಅಳು ಅಲ್ಲಿಗೇ ನಿಂತುಹೋಯಿತು. ಅವಳು ಸೀದ ಪಾತ್ರೆ ತಿಕ್ಕುತ್ತ ಯೋಚಿಸಿದಳು: ಒಂದು ಸಾವಿರ ಸಲ ಇನ್ನೊಬ್ಬರ ದುಃಖ ಉಂಡ ಮಗು ಇದು, ತಾಯಿಯ ದುಃಖ ಎದುರಿಗೆ ಬಂದರೆ ಮೂಗು ಮುಚ್ಚಿಕೊಳ್ಳುತ್ತದೆ. ನಾವು ಇವರಿಗೆ ಕಲಿಸಿದ್ದಾದರೂ ಏನು?

ಮುಂದಿನ ತಿಂಗಳು ಶಾಲೆಯಲ್ಲಿ ಸಹಾನುಭೂತಿ ದಿನಾಚರಣೆ. ಪ್ರಾಂಶುಪಾಲೆ ಕಾಂಚನಾ ಇನಾಮದಾರ ಉತ್ಸಾಹದಲ್ಲಿದ್ದರು. ಕಂಪನಿಯವರು ಆ ದಿನಕ್ಕೆ ಒಂದು ವಿಶೇಷ ಮಾಡಿದ್ದರು: 'ತಮ್ಮ' ಪಾಠದ ನಿಜವಾದ ಅಕ್ಕನನ್ನೇ ಕರೆತರುತ್ತಿದ್ದರು.

ಹುಡುಗಿಯ ಹೆಸರು ಹುಲಿಗೆಮ್ಮ. ಕುಷ್ಟಗಿ ಕಡೆಯ ಹಳ್ಳಿಯವಳು. ಹನ್ನೆರಡರ ಪ್ರಾಯ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಕಂಪನಿಯವರು ಕೊಡಿಸಿದ ಹೊಸ ಚೂಡಿದಾರ. ಕಂಪನಿಯೇ ಅವಳನ್ನು ಹುಬ್ಬಳ್ಳಿಯ ಹಾಸ್ಟೆಲಿನಲ್ಲಿಟ್ಟು ಓದಿಸುತ್ತಿತ್ತು. ಅವಳು ವೇದಿಕೆಯ ಕುರ್ಚಿಯಲ್ಲಿ, ಕೈಗಳನ್ನು ತೊಡೆಯ ಮೇಲಿಟ್ಟು, ಎದುರಿನ ಗೋಡೆ ನೋಡುತ್ತ ಕೂತಿದ್ದಳು.

ಸಮಾರಂಭ ಮುಗಿಯುವ ಮೊದಲೇ ಮಕ್ಕಳು ನುಗ್ಗಿದರು. ಎಷ್ಟೋ ಮಂದಿಗಿಂತ ಚಿಕ್ಕವಳಾದರೂ ಪಾಠ ಕೇಳಿದ ಅವರಿಗೆ ಅವಳು ಅಕ್ಕನೇ.

"ಅಕ್ಕಾ, ನಿನ್ನ ತಮ್ಮನ ಸಲುವಾಗಿ ನಾ ಎಷ್ಟ್ ಅತ್ತೀನಿ ಗೊತ್ತೇನು?"

"ನನಗ ನಿನ್ನ ಪಾಠದಾಗ ಎ ಪ್ಲಸ್ ಬಂದೈತಿ!"

"ಆ ಚಪ್ಪಲಿ ಬರೂ ಮುಂದ ಗಂಟಲಾಗ ಒಂದು ಗಂಟು ಬರತೈತಲ್ಲ, ಅದು ಮಸ್ತ್ ಐತಿ ಅಕ್ಕಾ!"

ಹುಲಿಗೆಮ್ಮ ಎಲ್ಲರನ್ನೂ ನೋಡಿದಳು. ಬಸ್ ನಿಲ್ದಾಣದಲ್ಲಿ ತನ್ನದಲ್ಲದ ಬಸ್ಸು ಬಂದಾಗ ನೋಡುವ ಹಾಗೆ. ಮಕ್ಕಳು ಒಬ್ಬೊಬ್ಬರಾಗಿ ಅವಳ ಭುಜಕ್ಕೆ ಭುಜ ತಾಗಿಸಿ ಫೋಟೋ ತೆಗೆಸಿಕೊಂಡರು. ಪ್ರಾಂಶುಪಾಲೆ ಮೈಕು ಹಿಡಿದು ಬಗ್ಗಿದರು. "ಹುಲಿಗೆಮ್ಮಾ, ನಿನ್ನ ತಮ್ಮನ ಬಗ್ಗೆ ಎರಡು ಮಾತು ಹೇಳು ಪುಟ್ಟಿ. ಅಳು ಬಂದ್ರ ನಾಚಕೋಬ್ಯಾಡ, ಇಲ್ಲೆ ಎಲ್ಲಾರೂ ನಿನ್ನವರ ಇದ್ದಾರ."

"ಅವನ ಹೆಸರು ಯಮನೂರ" ಎಂದಳು ಹುಲಿಗೆಮ್ಮ. "ನೀರಾಗ ಬಿದ್ದು ಸತ್ತ."

ಅಷ್ಟೆ. ಊರಿನ ಹೆಸರು, ತಾಲೂಕಿನ ಹೆಸರು ಹೇಳಿದಂತೆ ಹೇಳಿ ಸುಮ್ಮನಾದಳು. ಸಭೆಯಲ್ಲಿ ನಿರಾಶೆಯ ಗುಸುಗುಸು ಎದ್ದಿತು. "ಆಕಿಗೇ ಅಳು ಬರವಲ್ದು ನೋಡಲೇ" ಎಂದು ಮುಂದಿನ ಸಾಲಿನ ಹುಡುಗ ಕಿಸಕ್ಕನೆ ನಕ್ಕ. "ನಾವ ಚಲೋ ಅಳತೀವಿ."

ವಿಶಾಲಾಕ್ಷಿ ವೇದಿಕೆ ಹತ್ತಿ ಹುಡುಗಿಯ ಕೈ ಹಿಡಿದು ತನ್ನ ಕೋಣೆಗೆ ಕರೆದೊಯ್ದಳು. ನೀರು ಕೊಟ್ಟಳು. ಬಾಗಿಲು ಹಾಕಿದಳು.

"ನಿನಗೇನೂ ಹೇಳೂದು ಬ್ಯಾಡ. ಸುಮ್ಮನ ಕೂಡ್ರು."

ಹುಲಿಗೆಮ್ಮ ಅರ್ಧ ಲೋಟ ನೀರು ಕುಡಿದಳು. "ಮಿಸ್, ಆ ಹುಡುಗೂರಿಗೆ ಹೆಂಗ ಅಳು ಬರತೈತ್ರಿ?"

"ಅವರಿಗೆ ಪಟ್ಟಿ ಹಾಕತೀವಿ."

"ನನಗೂ ಹಾಕಿದ್ರು. ಮನಸು ಹಗೂರ ಮಾಡೂ ಮಷೀನ ಅಂದಿದ್ರು ನಮ್ಮವ್ವಗ. ಯಮನೂರನ್ನ ನೆನಿಸ್ಕೋ ಅಂತಿದ್ರು. ನೆನಿಸ್ಕೊಂಡ್ರ ಅಳು ಬರ್ತಿತ್ತು. ಮತ್ತೊಮ್ಮೆ ನೆನಿಸ್ಕೋ ಅಂತಿದ್ರು. ಮತ್ತೊಮ್ಮೆ, ಮತ್ತೊಮ್ಮೆ. ಆಮ್ಯಾಲೆ ಬರಲೇ ಇಲ್ಲ." ಅವಳು ಲೋಟದೊಳಗೆ ನೋಡಿದಳು. "ಈಗ ಯಮನೂರ ಅಂದ್ರ ಒಂದು ಹೆಸರು ಅಷ್ಟ. ಅವ್ವ ನನ್ನ ಮಾರಿ ನೋಡಿ ಕಲ್ಲ ಅದಿ ನೀ ಅಂತಾಳ. ಊರಿಗೆ ಹೋದ್ರ ನನ್ನ ಕೂಡ ಮಾತಾಡಂಗಿಲ್ಲ."

ಹೊರಗೆ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಬಹುಮಾನ ವಿತರಣೆ ನಡೆದಿತ್ತು.

ಕಂಪನಿಯ ಪ್ರಯೋಗಾಲಯ ಗೋಕುಲ ರಸ್ತೆಯಲ್ಲಿತ್ತು. ಅಲ್ಲಿ ನೇಮಿನಾಥ ಉಪಾಧ್ಯೆ ಭಾವಗಳ ಸಂಕಲನಕಾರ. ವಿಶಾಲಾಕ್ಷಿಯ ಕಾಲೇಜಿನ ಸಹಪಾಠಿ. ಅವಳು ಹೋದಾಗ ಅವನು ಪತ್ರಿಕೆಯ ಹಾಳೆಯಲ್ಲಿ ಗಿರಮಿಟ್ ಹಾಕಿಕೊಂಡು ತಿನ್ನುತ್ತಿದ್ದ. ಮೂರು ತೆರೆಗಳ ಮೇಲೆ ಬಣ್ಣಬಣ್ಣದ ಅಲೆಗಳು ಓಡುತ್ತಿದ್ದವು.

"ಬಾ ಬಾ, ವಿಶಾಲಾ. ಇದು ನೋಡು, ಹೊಸಾದು. ಬೆಂಕ್ಯಾಗ ಮನಿ ಸುಟ್ಟ ಹುಡುಗ. ಭಾಳ ಶುದ್ಧ ಐತಿ."

ಅವಳು ಕೇಳಿದ್ದಕ್ಕೆಲ್ಲ ಅವನು ಮುಚ್ಚುಮರೆಯಿಲ್ಲದೆ ಉತ್ತರಿಸಿದ. ಹೆಮ್ಮೆಯಿತ್ತು ಅವನಿಗೆ. ನೆನಪೆಂದರೆ ಬೀರುವಿನಲ್ಲಿಟ್ಟ ಬಟ್ಟೆಯಲ್ಲ. ಹೊರತೆಗೆದಾಗಲೆಲ್ಲ ಹಸಿಮಣ್ಣಿನಂತೆ ಮೆತ್ತಗಾಗಿ, ಮತ್ತೆ ಒಳಗೆ ಹೋಗಿ ಗಟ್ಟಿಯಾಗುತ್ತದೆ. ಮೆತ್ತಗಿರುವಾಗಲೇ ಅದರ ಮಿಡಿತ ಸ್ಪಷ್ಟವಾಗಿ ಸಿಗುವುದು. ಹಾಗಾಗಿ ಮಗುವಿನಿಂದ ಪದೇ ಪದೇ ನೆನಪು ತೆಗೆಸಬೇಕು, ಮೇಲಿನಿಂದ ಸಣ್ಣ ವಿದ್ಯುತ್ ಕೊಟ್ಟು ಗದ್ದಲ ಅಡಗಿಸಬೇಕು. ಹೀಗೆ ಮಾಡುತ್ತ ಹೋದರೆ ನೆನಪಿಗೂ ದೇಹಕ್ಕೂ ಇರುವ ಬೆಸುಗೆ ಬಿಟ್ಟುಕೊಳ್ಳುತ್ತದೆ. ಘಟನೆ ನೆನಪಿರುತ್ತದೆ, ಅದು ತಟ್ಟುವುದು ನಿಂತುಹೋಗುತ್ತದೆ.

"ಅಂದ್ರ ಆ ಹುಡುಗಿ ದುಃಖ ನೀವು ಹಿಂಡಿ ತಗದ್ರಿ."

"ನೋವು ಹೋತಲ್ಲ? ಒಳ್ಳೇದ ಆತು. ಅವರವ್ವನೇ ಒಪ್ಪಿದ್ಲು." ಅವನು ಎಣ್ಣೆಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಅದೇ ಬೆರಳಿನಿಂದ ತೆರೆಯ ಮೇಲಿನ ಒಂದು ಅಲೆಯನ್ನು ಎಳೆದು ಅಗಲ ಮಾಡಿದ. ಅಲೆಯ ಮೇಲೆ ಜಿಡ್ಡಿನ ಗುರುತು ಮೂಡಿತು. "ಇದು ನೋಡು, 'ತಮ್ಮ'ದ ಕಚ್ಚಾ ಮಾಲು. ಎಷ್ಟು ಹೊಲಸಿತ್ತು ಗೊತ್ತೇನು? ಇದಿಷ್ಟೂ ಓಕರಿಕೆ, ಹೆಣ ಮೇಲೆ ಬಂದಾಗಿನ ವಾಸನಿದು. ಇದಿಷ್ಟು ಸಿಟ್ಟು. ಇದು, 'ನಾನ ಕೊಂದೆ' ಅನ್ನೂ ಭಾವ. ಇವನ್ನೆಲ್ಲ ಸೋಸಿ ತಗದ್ವಿ. ಉಳದದ್ದು ಬರೇ ಮೆದು ದುಃಖ. ಅದನ್ನ ಮಕ್ಕಳಿಗೆ ಕೊಡೂದು."

"ಸಿಟ್ಟು ಯಾಕ ತಗದ್ರಿ?"

ನೇಮಿನಾಥ ನಕ್ಕ. "ಮೊದಲ ಪರೀಕ್ಷಾದಾಗ ಇಟ್ಟಿದ್ವಿ. ಹುಡುಗೂರು ವಾಂತಿ ಮಾಡಿಕೊಂಡ್ವು. ಮ್ಯಾಲೆ ಪ್ರಶ್ನಿ ಕೇಳಾಕ ಹತ್ತಿದ್ವು. ಕ್ವಾರಿ ಯಾರದು? ಹೊಂಡಕ್ಕ ಬೇಲಿ ಯಾಕಿರಲಿಲ್ಲ? ಕಲ್ಲು ತಗದು ಹಂಗ ಬಿಟ್ಟು ಹೋದವ್ರಿಗೆ ಏನು ಶಿಕ್ಷಾ ಆತು? ನಮ್ಮ ಸಾಲಿಗಳ ಟ್ರಸ್ಟಿನ್ಯಾಗ ಕ್ವಾರಿ ಇದ್ದವ್ರು ಅದಾರ ಮಾರಾಯ್ತಿ. ಅಳಬೇಕು, ಆದ್ರ ಕೇಳಬಾರದು. ಅಂಥಾ ಅಳು ತಯಾರ ಮಾಡೂದು ಅಷ್ಟು ಸಸಾರ ಅಲ್ಲ."

ವಿಶಾಲಾಕ್ಷಿ ಎದ್ದು ಕಿಟಕಿ ತೆರೆದಳು. ಈರುಳ್ಳಿ ಮತ್ತು ಬಿಸಿಯಾದ ಯಂತ್ರಗಳ ವಾಸನೆ ಕೋಣೆಯೊಳಗೆ ಕಟ್ಟಿಕೊಂಡಿತ್ತು. ಈ ಸೋಸಿದ ಪಾನಕವನ್ನು ತಾನೇ ಬೆಂಚಿನಿಂದ ಬೆಂಚಿಗೆ ಹೋಗಿ ಹಂಚಿದ್ದೆ ಎಂಬುದು ನೆನಪಾಗಿ ತನ್ನ ಕೈಗಳನ್ನೇ ತೊಳೆದುಕೊಳ್ಳಬೇಕೆನಿಸಿತು.

"ಇದನ್ನ ಆಕಿಗೆ ತಿರುಗಿ ಕೊಡಾಕ ಬರತೈತೇನು?"

ನೇಮಿನಾಥನ ಕೈ ನಿಂತಿತು. "ಯಾರಿಗೆ? ಆ ಹುಡುಗಿಗೇನ?" ಅವನ ಕಣ್ಣಲ್ಲಿ ಮಿಂಚು ಹೊಳೆಯಿತು. "ಯಾರೂ ಮಾಡಿ ನೋಡಿಲ್ಲ ಅದನ್ನ. ತನ್ನ ದೇಹದ್ದೇ ಮಿಡಿತ ತನಗ... ಬೆಸುಗಿ ಮತ್ತ ಕೂಡಿದ್ರೂ ಕೂಡೀತು. ಮಾಡೂಣ. ಕರಕೊಂಡ ಬಾ."

ಕರುಣೆಯಿಂದ ಒಪ್ಪಿದ್ದಲ್ಲ, ಕುತೂಹಲದಿಂದ ಒಪ್ಪಿದ್ದು ಎಂದು ಅವಳಿಗೆ ಗೊತ್ತಿತ್ತು. ಆದರೂ ಬೇರೆ ದಾರಿಯಿರಲಿಲ್ಲ.

ಹುಲಿಗೆಮ್ಮನ ತಾಯಿ ದುರಗವ್ವ ಊರಿನಿಂದ ಬಂದಳು. ಕೂಲಿಗೆ ಹೋಗಿ ಕಪ್ಪಾದ, ಎಲುಬು ಕಾಣುವ ಹೆಂಗಸು. ಹಾಸ್ಟೆಲಿನ ಕಟ್ಟೆಯ ಮೇಲೆ ತಾಯಿ ಒಂದು ತುದಿಗೆ, ಮಗಳು ಇನ್ನೊಂದು ತುದಿಗೆ ಕೂತಿದ್ದರು. ವಿಶಾಲಾಕ್ಷಿ ನಡುವೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು: ಏನು ತೆಗೆದರು, ಹೇಗೆ ತೆಗೆದರು, ತಿರುಗಿ ಹಾಕಿದರೆ ಎಷ್ಟು ನೋವಾಗಬಹುದು, ಹಾಕದೆಯೂ ಇರಬಹುದು.

"ನಾನು ಇಕಿನ್ನ ಬೈದೆನ್ರಿ" ಎಂದಳು ದುರಗವ್ವ. "ತಮ್ಮ ಸತ್ತ ವರ್ಸದ ಹಬ್ಬದಾಗ ಹೋಳಗಿ ಉಂಡ್ಲು, ನಕ್ಕೋತ ಟಿವಿ ನೋಡಿದ್ಲು. ಇಕಿ ನನ್ನ ಹೊಟ್ಯಾಗ ಹುಟ್ಟಿದಾಕಿ ಹೌದೋ ಅಲ್ಲೋ ಅಂತ ಅಂಜಿಕಿ ಬಂತು. ನೀವು ಪ್ಯಾಟಿ ಮಂದಿ ಹಗೂರ ಮಾಡತೀವಿ ಅಂದ್ರಿ, ನಾನು ಹೆಬ್ಬಟ್ಟು ಒತ್ತಿದೆ. ಹಿಂಗ ಬರಿದು ಮಾಡತೀರಿ ಅಂತ ಯಾರು ಹೇಳಿದ್ರಿ?"

ವಿಶಾಲಾಕ್ಷಿ ಹುಡುಗಿಯ ಕಡೆ ತಿರುಗಿದಳು. "ನೀನು ಹೇಳಬೇಕು. ನಿನಗ ಬೇಕಂದ್ರ ಅಷ್ಟ."

ಹುಲಿಗೆಮ್ಮ ತಾಯಿಯನ್ನು ನೋಡಿದಳು. ಆಮೇಲೆ, "ನಂದು ನನಗ ಬೇಕ್ರಿ" ಎಂದಳು.

ಮರುದಿನ ಬೆಳಿಗ್ಗೆ ಪ್ರಯೋಗಾಲಯದ ಕುರ್ಚಿಯಲ್ಲಿ ಅವಳನ್ನು ಕೂರಿಸಿ ನೇಮಿನಾಥ ಪಟ್ಟಿ ಕಟ್ಟಿದ. ದುರಗವ್ವ ಗೋಡೆಗೊರಗಿ ನಿಂತಳು. ಮೊದಲು ಶಾಲೆಗಳಿಗೆ ಕೊಡುವ ಪಾಠವನ್ನೇ ಹಚ್ಚಿದ. ಹುಲಿಗೆಮ್ಮನ ಕಣ್ಣಿಂದ ನೀರಿಳಿಯಿತು. ನೀಟಾಗಿ, ಎರಡೂ ಕೆನ್ನೆಯ ಮೇಲೆ. ಮುಖದಲ್ಲಿ ಗಲಿಬಿಲಿ. ಅವಳು ಬೆರಳಿನಿಂದ ನೀರು ಮುಟ್ಟಿ ನೋಡಿಕೊಂಡಳು.

"ಇದು ನಂದಲ್ರಿ."

"ನಿಂದ ಐತಿ. ನಿನ್ನಿಂದಾನ ತಗದದ್ದು" ಎಂದ ನೇಮಿನಾಥ.

"ಅಲ್ಲ. ಇದು ಯಾರೋ ಸಾವುಕಾರ್ರ ಮಗಳದು. ಇದ್ರಾಗ ನಮ್ಮ ಯಮನೂರ ಇಲ್ಲ."

ವಿಶಾಲಾಕ್ಷಿ ನೇಮಿನಾಥನನ್ನು ನೋಡಿ, "ಸೋಸಿ ತಗದದ್ದು ಹಚ್ಚು" ಎಂದಳು.

"ತಡಕೊಳ್ಳಂಗಿಲ್ಲ ಆಕಿ."

"ಆಗಲೇ ಒಮ್ಮೆ ತಡಕೊಂಡಾಳ. ಆಕಿನ್ನ ಕೇಳು."

ಹುಲಿಗೆಮ್ಮ ತಲೆಯಾಡಿಸಿದಳು. ಅವನು ಸೋಸಿ ಬದಿಗಿಟ್ಟಿದ್ದ ಕಸದ ಕಡತ ತೆರೆದ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಹುಡುಗಿಯ ಬೆನ್ನು ಬಿಲ್ಲಿನಂತೆ ಬಾಗಿತು. ಬಾಯಿಂದ ಬೆಳಗಿನ ಉಪ್ಪಿಟ್ಟೆಲ್ಲ ನೆಲದ ಮೇಲೆ, ನೇಮಿನಾಥನ ಬೂಟಿನ ಮೇಲೆ ಬಿತ್ತು. ಹಿಂದೆಯೇ ಒಂದು ದನಿ. ವಿಶಾಲಾಕ್ಷಿ ತನ್ನ ಜೀವಮಾನದಲ್ಲಿ ಅಂಥ ದನಿ ಕೇಳಿರಲಿಲ್ಲ. ಅದರಲ್ಲಿ ಲಯವಿರಲಿಲ್ಲ, ಸೊಗಸಿರಲಿಲ್ಲ.

"ಹೋಗಲೇ ಅಂದೆ! ಅರಬಿ ಒಗ್ಯಾಕತ್ತಿದ್ದೆ, ಕಾಡಬ್ಯಾಡ ಹೋಗಲೇ ಅತ್ಲಾಗ ಅಂದೆ ಅವ್ವಾ! ನಾನ ಕಳಿಸಿದೆ! ಕ್ವಾರಿಯವ್ರು ಬಿಸ್ಕೀಟ ಪುಡಿಕಿ ತಂದುಕೊಟ್ರು, ಜೀಪಿನಾಗ ಬಂದು! ತಮ್ಮನ್ನ ಕೊಂದು ಬಿಸ್ಕೀಟ ಕೊಟ್ರು! ನಾ ತಿಂದೆ ಅವ್ವಾ, ಹಸಿವಾಗಿತ್ತು, ನಾ ತಿಂದೆ!"

ದುರಗವ್ವ ಒಂದೇ ನೆಗೆತಕ್ಕೆ ಕುರ್ಚಿಯ ಹತ್ತಿರ ಬಂದು ಮಗಳನ್ನು ವಾಂತಿಯ ಸಮೇತ ಬಾಚಿ ತಬ್ಬಿಕೊಂಡಳು. ಹುಡುಗಿ ಅವಳ ಎದೆಗೆ ಗುದ್ದಿದಳು, ಕಚ್ಚಿದಳು, ಕೂದಲು ಹಿಡಿದೆಳೆದಳು. "ಬಡಿ, ನನ್ನವ್ವಾ, ಬಡಿ" ಎನ್ನುತ್ತ ದುರಗವ್ವ ಅವಳನ್ನು ಇನ್ನಷ್ಟು ಒತ್ತಿಕೊಂಡಳು. ಇಬ್ಬರೂ ನೆಲಕ್ಕೆ ಜಾರಿ, ಆ ಗಲೀಜಿನಲ್ಲೇ ಕೂತು ಅತ್ತರು. ಇಷ್ಟು ದಿನ ತಾಯಿ ಒಬ್ಬಳೇ ಅಳುತ್ತಿದ್ದ ಅಳು ಅದು. ಈಗ ಅದಕ್ಕೆ ಜೊತೆ ಸಿಕ್ಕಿತ್ತು.

ವಿಶಾಲಾಕ್ಷಿ ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ಪಟ್ಟಿಯ ಪುಟ್ಟ ಡಬ್ಬಿಯ ಮೇಲೆ ಕೆಂಪು ದೀಪ ಉರಿಯುತ್ತಿರುವುದು ಕಂಡಿತು. ನೇಮಿನಾಥ ಬೂಟಿನ ಮೇಲಿನ ವಾಂತಿಯ ಪರಿವೆಯೂ ಇಲ್ಲದೆ ತೆರೆಯ ಮೇಲೆ ಕಣ್ಣು ನೆಟ್ಟಿದ್ದ. ಬಾಯಿ ಅರೆ ತೆರೆದಿತ್ತು.

"ಬರ್ಕೊಳ್ಳಾಕತ್ತೀಯೇನು ನೀನು?"

"ಇಂಥಾದ್ದು ಇಲ್ಲೀತನಕ ಸಿಕ್ಕೇ ಇಲ್ಲ ವಿಶಾಲಾ" ಎಂದ ಅವನು ಪಿಸುದನಿಯಲ್ಲಿ, ಗುಡಿಯಲ್ಲಿ ಮಾತಾಡುವವನಂತೆ. "ತಾಯಿ ಮಗಳು ಕೂಡೂದು. ಸ್ವಲ್ಪ ಸೋಸಿದ್ರ ಅದ್ಭುತ ಪಾಠ ಆಕ್ಕತಿ. 'ಕ್ಷಮೆ' ಅಂತ ಹೆಸರಿಡಬಹುದು."

ವಿಶಾಲಾಕ್ಷಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಆದರೆ ಅವನನ್ನು ಮುಟ್ಟಲು ಕೈ ಏಳಲಿಲ್ಲ. ಬಚ್ಚಲಿನಲ್ಲಿ ಸಿಕ್ಕ ಹುಳವನ್ನು ಮುಟ್ಟಲಾಗದ ಹಾಗೆ. ಬರೆದುಕೊಂಡದ್ದು ದೊಡ್ಡ ಯಂತ್ರಕ್ಕೆ ಹೋಗುವ ಮೊದಲು ಪಟ್ಟಿಯ ಡಬ್ಬಿಯಲ್ಲೇ ಇರುತ್ತದೆಂದು ತರಬೇತಿಯಲ್ಲಿ ಹೇಳಿದ್ದು ಅವಳಿಗೆ ನೆನಪಿತ್ತು. ಅವಳು ಬಗ್ಗಿ ಹುಲಿಗೆಮ್ಮನ ಕೊರಳಿನಿಂದ ಪಟ್ಟಿ ಬಿಚ್ಚಿದಳು.

ದುರಗವ್ವ ಕೈಚಾಚಿದಳು. "ಏನೈತ್ರಿ ಅದರಾಗ?"

"ಈಗ ನಿಮ್ಮ ಮಗಳು ಅತ್ತದ್ದೆಲ್ಲ ಐತಿ. ಇನ್ನೂ ಅವರ ದೊಡ್ಡ ಮಷೀನಿಗೆ ಹೋಗಿಲ್ಲ. ಇದರಾಗ ಅಷ್ಟ ಐತಿ."

ದುರಗವ್ವ ಅದನ್ನು ತೆಗೆದುಕೊಂಡು ಸೀರೆಯ ಉಡಿಯೊಳಗೆ ಹಾಕಿ ಗಂಟು ಬಿಗಿದಳು.

"ಏ, ಅದು ಕಂಪನೀದು! ಒಯ್ಯಂಗಿಲ್ಲ!" ನೇಮಿನಾಥ ಮುಂದೆ ಬಂದ.

ದುರಗವ್ವ ಅವನನ್ನು ಮೇಲಿಂದ ಕೆಳಗೆ ನೋಡಿ, ಅವನ ಬೂಟಿನ ಹತ್ತಿರ ಉಗುಳಿದಳು. ಮಗಳನ್ನು ಕಂಕುಳಲ್ಲಿ ಹಿಡಿದೆತ್ತಿ ಹೊರಗೆ ನಡೆದಳು. ಅವನು ದಾರಿ ಬಿಟ್ಟ.

ಬಸ್ ನಿಲ್ದಾಣದಲ್ಲಿ ಕುಷ್ಟಗಿ ಬಸ್ಸು ಹೊರಡುವುದರಲ್ಲಿತ್ತು. ಹುಲಿಗೆಮ್ಮನ ಕಣ್ಣುಗಳು ಊದಿ ಮುಚ್ಚಿಹೋಗಿದ್ದವು. ಬಸ್ಸು ಹತ್ತುವಾಗ ವಿಶಾಲಾಕ್ಷಿಯ ಕಡೆ ತಿರುಗಿ ನಿಂತಳು.

"ನಿಮ್ಮ ಸಾಲಿ ಹುಡುಗೂರು ಅದನ್ನ ಇನ್ನೂ ಅಳತಾರೇನ್ರಿ?"

"ಹೂಂ. ಅಳತಾರ."

"ನಿಲ್ಲಸ್ರಿ" ಎಂದಳು ಹುಡುಗಿ. ಬೇಡಿಕೆಯಲ್ಲ ಅದು. "ಅಂವ ನಿಮ್ಮ ಯಾರ ತಮ್ಮನೂ ಅಲ್ಲ."

ವಿಶಾಲಾಕ್ಷಿ ಮೊದಲು ಪ್ರಾಂಶುಪಾಲೆಯ ಬಳಿಗೇ ಹೋದಳು. ಕಾಂಚನಾ ಇನಾಮದಾರ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. "ನೀವು ಭಾಳ ಹಚ್ಚಿಕೊಂಡೀರಿ ವಿಶಾಲಾಕ್ಷಿ. ಆ ಪಾಠದಿಂದ ನಮ್ಮ ಮಕ್ಕಳು ಎಷ್ಟು ಸೂಕ್ಷ್ಮ ಆಗ್ಯಾರ ನೋಡ್ರಿ. ಪಾಲಕರು ಖುಷಿ ಇದ್ದಾರ. ಬ್ಯಾಡಂದ್ರ ನೀವು ರಜಾ ತಗೋರಿ, ಗುಂಡಿ ಒತ್ತಲಿಕ್ಕೆ ಬೇರೆ ಯಾರರ ಬರತಾರ" ಎಂದು ನಗುತ್ತಲೇ ಹೇಳಿದರು. ಆ ನಗುವನ್ನೂ ಯಾರೋ ಸೋಸಿ ಕೊಟ್ಟಂತಿತ್ತು.

ಅವಳು ರಜೆ ತೆಗೆದುಕೊಳ್ಳಲಿಲ್ಲ. ಮುಂದಿನ ಪಾಠದ ದಿನ ಎಂಟನೇ ಬಿ ತರಗತಿಗೆ ಹೋದಳು. ಮಕ್ಕಳು ತಾವಾಗಿಯೇ ಪಟ್ಟಿ ಕಟ್ಟಿಕೊಂಡು ಕಾದಿದ್ದರು. ಅವಳು ಯಂತ್ರದ ತಂತಿಯನ್ನು ಗೋಡೆಯಿಂದ ಕಿತ್ತಳು. ತೆರೆ ಕಪ್ಪಾಯಿತು.

"ಇವತ್ತು ಪಾಠ ಇಲ್ಲ. ಹುಲಿಗೆಮ್ಮ ಹೇಳಿ ಕಳಿಸ್ಯಾಳ. ನೀವು ಆಕಿ ಅಳು ಅಳೂದು ಆಕಿಗೆ ಬ್ಯಾಡಂತ."

ಮಕ್ಕಳು ಮುಖ ಮುಖ ನೋಡಿಕೊಂಡರು. ಒಬ್ಬ ಹುಡುಗ ಎದ್ದು ನಿಂತ. "ಇದೇನ್ ಮಿಸ್? ನಾವು ಆಕಿ ಸಲುವಾಗಿ ಅಷ್ಟು ಅತ್ತೀವಿ, ಆಕಿಗೆ ಒಂದೀಟರ ಕಿಮ್ಮತ್ತಿಲ್ಲೇನು?"

"ಹಂಗಾದ್ರ ಮಾರ್ಕ್ಸ್?" ಎಂದಳು ಇನ್ನೊಬ್ಬಳು.

ವಿಶಾಲಾಕ್ಷಿ ಅವರಿಗೆ ನಡೆದದ್ದನ್ನು ಹೇಳತೊಡಗಿದಳು: ಯಮನೂರ ಎಂಬ ಹುಡುಗ, ಬೇಲಿಯಿಲ್ಲದ ಹೊಂಡ, ಒಗೆಯುವ ಬಟ್ಟೆ, ಬಿಸ್ಕೀಟು. ಆದರೆ ಅವಳು "ದಂಡೆ" ಎಂಬ ಮಾತು ಆಡಿದ್ದೇ ತಡ, ಮುಂದಿನ ಬೆಂಚಿನ ಹುಡುಗಿ ಉಸಿರೆಳೆದುಕೊಂಡು ತಲೆ ವಾಲಿಸಿದಳು. ಅವಳ ಪಕ್ಕದವನೂ ವಾಲಿಸಿದ. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹಬ್ಬಿ ಇಡೀ ತರಗತಿ ಬಿಕ್ಕತೊಡಗಿತು. ಪಟ್ಟಿಗಳಲ್ಲಿ ವಿದ್ಯುತ್ ಇರಲಿಲ್ಲ. ತಂತಿ ಅವಳ ಕೈಯಲ್ಲಿತ್ತು. ಆದರೂ ಅದೇ ಲಯ, ಅದೇ ಎತ್ತರ, ಕೆನ್ನೆಯ ಮೇಲೆ ಅದೇ ನೀಟಾದ ನೀರು. ಅಳುತ್ತ ಅಳುತ್ತಲೇ ಎಲ್ಲರ ಓರೆಗಣ್ಣು ಕಪ್ಪು ತೆರೆಯ ಮೇಲೆ, ಅಲ್ಲಿಲ್ಲದ ಹಸಿರು ಗೆರೆ ಹುಡುಕುತ್ತಿತ್ತು.

ವಿಶಾಲಾಕ್ಷಿಯ ಮಾತು ನಿಂತಿತು. ಅವಳು ಮೇಜನ್ನು ಹಿಡಿದುಕೊಂಡಳು.

ಮೂರನೆಯ ಸಾಲಿನಲ್ಲಿ ಒಬ್ಬಳು ಮಾತ್ರ ಅಳುತ್ತಿರಲಿಲ್ಲ. ಮೇದಿನಿ. ಅವಳು ತೆರೆಯನ್ನು ನೋಡುತ್ತಿರಲಿಲ್ಲ. ಮೇಜು ಹಿಡಿದಿದ್ದ ತಾಯಿಯ ಬೆರಳುಗಳನ್ನು ನೋಡುತ್ತಿದ್ದಳು. ಶಾಲೆಯಲ್ಲಿ ಯಾವತ್ತೂ ತಪ್ಪದೆ ಮಿಸ್ ಎನ್ನುವ ಹುಡುಗಿ ಬೆಂಚಿನಿಂದ ಎದ್ದಳು.

"ಅಮ್ಮಾ, ನಿನಗೇನಾಗಾಕತ್ತೈತಿ?"

ವಿಶಾಲಾಕ್ಷಿ ಮಗಳ ಮುಖ ನೋಡಿದಳು. ಅಲ್ಲಿ ಗಾಬರಿಯಿತ್ತು, ಅದಕ್ಕೆ ಲಯವಿರಲಿಲ್ಲ.

"ಹೊಟ್ಟಿ ತೊಳಸಾಕತ್ತೈತಿ ಮೇದಿನಿ" ಎಂದಳು. "ಹೇಸಿಗಿ ಬರಾಕತ್ತೈತಿ. ಇದೆಲ್ಲಾ ನೋಡಿ, ನನ್ನ ಮ್ಯಾಲೂ, ಭಾಳ ಹೇಸಿಗಿ ಬರಾಕತ್ತೈತಿ."

ಸುತ್ತಲಿನ ಬಿಕ್ಕಳಿಕೆಯ ನಡುವೆ ಮೇದಿನಿ ಸಾಲು ದಾಟಿ ಬಂದಳು. ಏನು ಮಾಡಬೇಕೆಂದು ಅವಳಿಗೆ ತಿಳಿದಂತಿರಲಿಲ್ಲ; ಯಾರೂ ಅದನ್ನು ಕಲಿಸಿರಲಿಲ್ಲ. ಕೊರಳಿನ ಪಟ್ಟಿಯನ್ನು ಕಿತ್ತು ಕೆಳಗೆ ಹಾಕಿ, ತಾಯಿಯ ಪಕ್ಕದಲ್ಲಿ ಸುಮ್ಮನೆ ನಿಂತುಕೊಂಡಳು. ಬಾಗಿಲಲ್ಲಿ ಪ್ರಾಂಶುಪಾಲೆ ಬಂದು ನಿಂತದ್ದು ಕಂಡರೂ ಸರಿಯಲಿಲ್ಲ.